ಪುಷ್ಕರಣಿಯಲ್ಲಿ ಜೋಡಿ ಹಂಸ

ಫೋಟೋ ತೋರಿಸೋದಕ್ಕೆ ಮೊಬೈಲಿನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಮದುವೆ ಮನೆಯವರು "ನಿಮ್ಮ ಕೆಲಸ ತೋರಿಸ್ರಿ" ಅಂತಾರೆ. ಮೊಬೈಲ್ ಅವರ ಕೈಗೆ ಕೊಡ್ತೀವಿ. ಮೊದಲ ಫೋಟೋ ಪೂರ್ತಿ ನೋಡುವ ಮುಂಚೆಯೇ ಅದರ ನೆತ್ತಿಯ ಮೇಲೆ ಗ್ಯಾಸ್ ಬುಕಿಂಗ್ ಮೆಸೇಜು ಇಳಿಯುತ್ತದೆ. ಎರಡನೆಯದಕ್ಕೆ ಲೋನ್ ಬೇಕಾ ಅಂತ ಫೋನು. ಅಷ್ಟರಲ್ಲಿ ಮನೆಯ ಮಗು ಮೊಬೈಲ್ ಕಿತ್ತುಕೊಂಡು ಕಾರ್ಟೂನ್ ಹುಡುಕುತ್ತಿರುತ್ತದೆ. ಬೆರಳು ಸ್ವಲ್ಪ ಜಾಸ್ತಿ ಜಾರಿದರಂತೂ ಮುಗೀತು. ಕರೆಂಟ್ ಬಿಲ್ಲಿನ ತಕರಾರಿಗೆ ತೆಗೆದಿದ್ದ ಮೀಟರಿನ ಫೋಟೋ ಬರುತ್ತದೆ. ಅದನ್ನೂ ಅಷ್ಟೇ ಗಂಭೀರವಾಗಿ ನೋಡಿ, "ಭಾಳ ಕ್ಲಿಯರ್ ಬಂದೈತಿ" ಅನ್ನುತ್ತಾರೆ.

ಅದಕ್ಕೇ ಪ್ರಿಂಟ್ ಹಾಕಿಸಿ ಒಂದು ಪೋರ್ಟ್‌ಫೋಲಿಯೋ ಮಾಡಿಸೋಣ ಅಂತ ಹೊರಟೆ. ಪುಟಕ್ಕೊಂದು ಫೋಟೋ, ಸುತ್ತ ಬಿಳಿ ಜಾಗ. ಇಷ್ಟೇ. ಎಷ್ಟು ಸಲೀಸು ಅಲ್ವಾ?

ಮೊದಲು ಪೇಪರ್ ಆರಿಸಬೇಕು. ಗ್ಲಾಸಿಯಲ್ಲಿ ಬಣ್ಣ ಮಿಂಚುತ್ತದೆ, ಕಪ್ಪು ಗಟ್ಟಿಯಾಗಿ ಕೂರುತ್ತದೆ, ನಿಜ. ಆದರೆ ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ವಧುವಿನ ಬದಲು ಟ್ಯೂಬ್‌ಲೈಟೇ ಕಾಣುತ್ತದೆ. ಮುಟ್ಟಿದಲ್ಲೆಲ್ಲ ಬೆರಳಚ್ಚು ಬೇರೆ. ದಾವಣಗೆರೆಯಲ್ಲಿ ಮಾತುಕತೆ ಅಂದರೆ ಬೆಣ್ಣೆ ದೋಸೆ ಮುಂದೆ, ಇಲ್ಲಾಂದ್ರೆ ಮಂಡಕ್ಕಿ ಮಿರ್ಚಿ ಮುಂದೆ. ಈ ಊರಲ್ಲಿ ಗ್ಲಾಸಿ ಆಲ್ಬಂ ಇಟ್ಟುಕೊಂಡು ಓಡಾಡೋಕೆ ಗುಂಡಿಗೆ ಬೇಕು. ಹೊಳಪಿಲ್ಲದ ಮ್ಯಾಟೇ ಸರಿ ಅಂತ ತೀರ್ಮಾನಿಸಿದೆ.

ಸೈಜು ನೋಡಿದರೆ 12 ಬೈ 18 ಗತ್ತಾಗಿರುತ್ತದೆ. ಆದರೆ ಬಿಚ್ಚಿದರೆ 36 ಇಂಚು ಅಗಲ. ಹೋಟೆಲ್ ಟೇಬಲ್ ಮೇಲೆ ಆಲ್ಬಂ ಇರಬೇಕು, ಇಲ್ಲಾ ಚಟ್ನಿ ಬಟ್ಟಲು ಇರಬೇಕು. 8 ಬೈ 12 ಸಾಕು ಅನ್ನಿಸಿತು. ಕ್ಯಾಮೆರಾದ ಮೂರಕ್ಕೆ ಎರಡರ ಅಳತೆಗೆ ಅದು ಸರಿಯಾಗಿ ಹೊಂದುತ್ತದೆ, ಯಾರ ಕಾಲೂ ಕತ್ತರಿಸಬೇಕಿಲ್ಲ. ಬೈಂಡಿಂಗ್ ಮಾತ್ರ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುವಂಥದ್ದೇ ಬೇಕು. ಮಾಮೂಲಿ ಪುಸ್ತಕದ ಬೈಂಡಿಂಗ್ ಹಾಕಿಸಿ, ಎರಡು ಪುಟ ಸೇರಿಸಿ ಒಂದು ದೊಡ್ಡ ಫೋಟೋ ಇಟ್ಟಿರೋ, ಮದುಮಗನ ಮೂಗು ಮಡಿಕೆಯೊಳಗೆ ಹೋಗಿ ಕೂತಿರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿಕೊಂಡು ಲ್ಯಾಬಿಗೆ ಹೋದರೆ, ಓನರ್ ಮೊದಲು ಮಾಡಿದ ಕೆಲಸ ಒಂದು ಶೀಟು ತಗೊಂಡು ನನ್ನೆದುರೇ ಎರಡೂ ಕೈಯಲ್ಲಿ ಜಗ್ಗಿದ್ದು. "ಎನ್‌ಟಿಆರ್ ಶೀಟ್, ಅಂದ್ರೆ ಹರಿಯದ ಶೀಟ್. ಹರೀರಿ ನೋಡೋಣ." ಆಮೇಲೆ ಅದರ ಮೇಲೆ ಕುಡಿಯೋ ನೀರು ಸುರಿದು, ಟವೆಲ್‌ನಿಂದ ಒರೆಸಿ ತೋರಿಸಿದರು. ಗಿರಾಕಿಗಳು ಆಲ್ಬಂ ಮೇಲೆ ಅಷ್ಟು ಸಿಟ್ಟಾಗ್ತಾರಾ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಫೈಲ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟು, "ಡಿಸೈನ್ ಬೇಡ, ಪುಟಕ್ಕೊಂದೇ ಫೋಟೋ" ಅಂತ ಚೀಟಿಯಲ್ಲೂ ಬರೆದುಕೊಟ್ಟು ಬಂದೆ.

ಆ ಚೀಟಿ ಯಾರ ಕೈ ಸೇರಿತೋ, ಡಿಸೈನರ್ ಹುಡುಗನ ಕೈ ಅಂತೂ ಸೇರಲಿಲ್ಲ.

ಒಳ್ಳೆ ಹುಡುಗ, ಕೈ ಚುರುಕು. ಕುರ್ಚಿಯ ಮೇಲೆ ಒಂದು ಕಾಲು ಮಡಚಿ ಕೂತು, ಎಡಗೈಯಲ್ಲಿ ಕೀಬೋರ್ಡ್ ಒತ್ತುತ್ತಾ ರಾತ್ರಿಯಿಡೀ ಆಲ್ಬಂ ಕೂರಿಸುತ್ತಾನೆ. ಅವನಿಗಿರೋದು ಒಂದೇ ಕಾಯಿಲೆ. ಖಾಲಿ ಜಾಗ ಕಂಡರೆ ಆಗಲ್ಲ. ಗುಲಾಬಿ ಎಸಳು, ಚಿಟ್ಟೆ, ಬಂಗಾರದ ಫ್ರೇಮು, ಬಳುಕುವ ಅಕ್ಷರದಲ್ಲಿ ಬರೆದ "ಸ್ವೀಟ್ ಮೆಮೊರೀಸ್" ಎಲ್ಲ ಅವನ ಹಾರ್ಡ್‌ಡಿಸ್ಕಿನಲ್ಲಿ ಸರದಿಯಲ್ಲಿ ನಿಂತಿರುತ್ತವೆ. ಎಲ್ಲಿ ಬಿಳಿ ಕಂಡಿತೋ ಅಲ್ಲಿ ನುಗ್ಗುತ್ತವೆ.

ಮೊನ್ನೆ ಪ್ರೂಫ್ ನೋಡಲು ಕರೆದ. ಸಂತೇಬೆನ್ನೂರಿನ ಪುಷ್ಕರಣಿ ಫೋಟೋ ತೆರೆದ. 16ನೇ ಶತಮಾನದಲ್ಲಿ ಹನುಮಪ್ಪ ನಾಯಕ ಕಟ್ಟಿಸಿದ್ದು. ನೀರಿನ ನಡುವೆ ಮಂಟಪ, ಸುತ್ತ ಮೆಟ್ಟಿಲು. ಗಾಳಿ ನಿಂತು, ಮಂಟಪದ ನೆರಳು ಅಲುಗದೆ ಮೂಡಲಿ ಅಂತ ಬೆಳಗಿನ ಚಳಿಯಲ್ಲಿ ಕಾದು ತೆಗೆದಿದ್ದೆ. ಆ ನೆರಳಿನ ಮೇಲೆ ಎರಡು ಹಂಸ ಈಜುತ್ತಿದ್ದವು. ಕತ್ತು ಕತ್ತು ಸೇರಿಸಿ ಹಾರ್ಟ್ ಆಕಾರ ಮಾಡಿಕೊಂಡಿದ್ದವು.

"ಇವೆಲ್ಲಿಂದ ಬಂದ್ವಪ್ಪಾ?"

"ನೀರು ಖಾಲಿ ಇತ್ತಲ್ಲಣ್ಣಾ, ಬಿಟ್ಟೆ."

ಏನೋ ಅವನ ಮನೆ ಬಾವಿಗೆ ಬಿಟ್ಟ ಹಾಗೆ! ಹನುಮಪ್ಪ ನಾಯಕನಿಗೆ ಹೊಳೆಯದ್ದು ಇವನಿಗೆ ಹೊಳೆದಿದೆ. ತೆಗಿ ಅಂದೆ. ಬೇಜಾರಲ್ಲೇ ಒಂದು ಹಂಸ ತೆಗೆದ. ಇನ್ನೊಂದನ್ನು ಮೂಲೆಗೆ ಸರಿಸಿ, "ಇದಿರಲಿ ಅಣ್ಣಾ, ಡೀಸೆಂಟಾಗೈತಿ" ಅಂದ. ಜೋಡಿಯಿದ್ದಾಗ ಕೋಪ ಬಂದಿತ್ತು. ಒಂಟಿಯಾಗಿ ನೋಡಿದಾಗ ಆ ಹಂಸದ ಬಗ್ಗೆ ಪಾಪ ಅನ್ನಿಸಿದ್ದು ನಿಜ. ಅದನ್ನೂ ತೆಗೆಸಿದೆ.

ಮುಂದಿನದು ಮಂಡಕ್ಕಿ ಭಟ್ಟಿಯ ಅಜ್ಜಿ. ಹೊಗೆಯ ನಡುವೆ ಕೂತು ಜರಡಿ ಹಿಡಿಯುವಾಗ ತೆಗೆದದ್ದು. ಕಿಂಡಿಯಿಂದ ಬಿದ್ದ ಬಿಸಿಲಲ್ಲಿ ಹೊಗೆ ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು. ಅಜ್ಜಿಯ ಹುಬ್ಬಿನ ಮೇಲೆ ಹೊಟ್ಟಿನ ಪುಡಿ ಕೂತಿತ್ತು. ಕೆನ್ನೆಯ ಒಂದೊಂದು ಸುಕ್ಕಿನಲ್ಲೂ ಮಸಿ ಗೆರೆ ಎಳೆದಿತ್ತು. ಪ್ರೂಫಿನಲ್ಲಿ ನೋಡಿದರೆ ಹೊಗೆ ಇಲ್ಲ, ಪುಡಿ ಇಲ್ಲ, ಸುಕ್ಕೂ ಇಲ್ಲ. ಅಜ್ಜಿ ಮೈದಾದಲ್ಲಿ ಮುಖ ತೊಳೆದು ಎಂಗೇಜ್‌ಮೆಂಟಿಗೆ ಹೊರಟಂತಿದ್ದಳು. "ಫೇಸ್ ಕ್ಲೀನ್ ಮಾಡೀನಿ, ಅದಕ್ಕೆ ಎಕ್ಸ್‌ಟ್ರಾ ಚಾರ್ಜ್ ಇಲ್ಲ" ಅಂದ.

ಅವನಿಗೆ ಹೇಗೆ ಹೇಳೋದು? ದಿನವಿಡೀ ಮದುವೆ ಆಲ್ಬಂ ಮಾಡುವವನು. ಅಲ್ಲಿ ಸುಕ್ಕು ಇದ್ದರೆ ಬೈಸಿಕೊಳ್ಳೋದು ಅವನೇ. ಹೊಗೆ ವಾಪಸ್ ತರಿಸಿದ್ದಾಯಿತು. ಆಮೇಲೆ ಟೆಸ್ಟ್ ಪ್ರಿಂಟ್ ತೆಗೆಸಿದರೆ, ಆ ಹೊಗೆ ಮಬ್ಬು ಮುದ್ದೆಯಾಗಿ ಕೂತಿತ್ತು. ಸ್ಕ್ರೀನಿಗೆ ಒಳಗಿಂದಲೇ ಬೆಳಕು ಇರುತ್ತದೆ, ಕಾಗದಕ್ಕೆ ಎಲ್ಲಿಂದ ಬರಬೇಕು? ಸ್ಕ್ರೀನಿನ ಬ್ರೈಟ್‌ನೆಸ್ ಇಳಿಸಿ, ಫೋಟೋ ಬೆಳಕು ಏರಿಸಿ ಮತ್ತೆ ತೆಗೆಸಿದೆ. ಆಗ ಅಜ್ಜಿ ಅಜ್ಜಿಯಾದಳು.

ನಮ್ಮ ಮನೆಯ ಟ್ರಂಕಿನಲ್ಲಿ ಅಪ್ಪ ಅಮ್ಮನ ಮದುವೆ ಆಲ್ಬಂ ಇದೆ. ದಪ್ಪ ಕಪ್ಪು ಹಾಳೆ, ಮೂಲೆಗೆ ಸಿಕ್ಕಿಸಿದ ಕಪ್ಪುಬಿಳುಪು ಫೋಟೋ, ಪುಟದ ನಡುವೆ ಬಟರ್ ಪೇಪರ್. ಅಮ್ಮ ಆ ಬಟರ್ ಪೇಪರನ್ನು ಎರಡು ಬೆರಳಲ್ಲಿ ಎತ್ತಿ, ಒಂದು ಫೋಟೋಗೆ ಹತ್ತು ನಿಮಿಷ ಮಾತಾಡುತ್ತಿದ್ದಳು. ಯಾರು ಸೀರೆ ಕೊಟ್ಟರು, ಯಾರು ಮುನಿಸಿಕೊಂಡು ಊಟಕ್ಕೆ ಕೂರಲಿಲ್ಲ, ಎಲ್ಲ. ಆಗ ರೋಲಿಗೆ 36 ಫೋಟೋ. ಸುಮ್ನೆ ಕ್ಲಿಕ್ಕಿಸುವ ಹಾಗಿರಲಿಲ್ಲ. ಅದರಲ್ಲಿರುವ ಅರ್ಧ ಜನ ಈಗ ಇಲ್ಲ. ಆ ಕಪ್ಪು ಹಾಳೆಯ ಖಾಲಿ ಜಾಗಕ್ಕೆ ಯಾರೂ ಚಿಟ್ಟೆ ಬಿಟ್ಟಿರಲಿಲ್ಲ.

ಅಂತೂ ಪುಸ್ತಕ ಬಂತು. ಮೊನ್ನೆಯ ಮ್ಯಾಟ್ ತೀರ್ಮಾನ ಸಾರ್ಥಕವಾಗುವಂತೆ, ಹೆಣ್ಣಿನ ಕಡೆಯ ಹಿರಿಯರೊಬ್ಬರು ದೋಸೆ ಹೋಟೆಲಿಗೇ ಕರೆದರು. ಕೈ ಒರೆಸಿಕೊಂಡು, ಒಂದೊಂದೇ ಪುಟ ತಿರುವಿದರು. ನಡುನಡುವೆ ಬಿಳಿ ಜಾಗದ ಮೇಲೆ ಬೆರಳಾಡಿಸಿ ನೋಡಿದರು. ಏನೋ ಅಂಟಿಸಿದ್ದು ಬಿದ್ದುಹೋಗಿದೆ ಅಂದುಕೊಂಡರೋ ಏನೋ. ಅಜ್ಜಿಯ ಪುಟದಲ್ಲಿ ಬಹಳ ಹೊತ್ತು ನಿಂತರು. ನನಗೆ ಒಳಗೊಳಗೇ ಖುಷಿ.

"ಈ ಅಜ್ಜಿ ನಿಮಗೇನಾಗ್ಬೇಕು?"

"ಏನೂ ಆಗಲ್ಲ ಸಾರ್. ಭಟ್ಟೀಲಿ ಕೆಲಸ ಮಾಡ್ತಾರೆ."

"ಅಲ್ರೀ, ನಮ್ಮ ಅಣ್ಣನ ಮಗಂದು ಆಲ್ಬಂ ಮಾಡಿಸಿದ್ವಿ. ಒಂದೊಂದು ಪುಟದಾಗೆ ಹತ್ತತ್ತು ಫೋಟೋ ಹಾಕ್ಯಾರೆ. ನೀವು ಒಂದೊಂದೇ ಹಾಕೀರಿ. ರೇಟು ಹತ್ತನೇ ಒಂದು ಭಾಗ ಆಗ್ಬೇಕಲ್ಲ?"

ಹತ್ತನೇ ಭಾಗದಿಂದ ಶುರುವಾದ ಚೌಕಾಸಿ ಎರಡನೇ ದೋಸೆ ಮುಗಿಯುವ ಹೊತ್ತಿಗೆ ಒಂದು ಹದಕ್ಕೆ ಬಂತು. ಅಡ್ವಾನ್ಸ್ ಕೊಟ್ಟರು, ಕೇಳಿದ್ದಕ್ಕಿಂತ ಕಮ್ಮಿ. ರಾತ್ರಿ ಮದುಮಗಳು ಮೆಸೇಜ್ ಮಾಡಿದ್ದಳು: ಪುಷ್ಕರಣಿ ತುಂಬಾ ಇಷ್ಟವಾಯಿತಂತೆ, ಪ್ರಿ ವೆಡ್ಡಿಂಗ್ ಅಲ್ಲೇ ಮಾಡೋಣವಂತೆ, ನೀರಲ್ಲಿ ಎರಡು ಹಂಸ ಹಾಕೋಕೆ ಆಗುತ್ತಾ ಅಂತ. ಡಿಸೈನರ್ ಹುಡುಗನ ನಂಬರ್ ಕಳಿಸಿದ್ದೇನೆ.