ಇಪ್ಪತ್ತು ನಿಮಿಷದ ಕೋಪ

ನಮ್ಮ ಪ್ರೀಮಿಯರ್ ಪದ್ಮಿನಿ ಕಾರಿಗೆ ಬರುತ್ತಿದ್ದದ್ದು ಇಪ್ಪತ್ತು ನಿಮಿಷದ ಕೋಪ. ಪುತ್ತೂರಿನಿಂದ ಗುಂಡ್ಯದವರೆಗೆ ಪರಮ ಸಾಧ್ವಿ. ಶಿರಾಡಿ ಘಾಟಿಯ ನಾಲ್ಕು ತಿರುವು ಹತ್ತಿದ್ದೇ ತಡ, ಕೆಮ್ಮದೆ, ಮುಗ್ಗರಿಸದೆ, ಸ್ವಿಚ್ಚು ಆರಿಸಿದಂತೆ ನಿಂತುಬಿಡುತ್ತಿದ್ದಳು. ಹಿಂದೆ ಟ್ಯಾಂಕರುಗಳ ಸಾಲು ಹಾರ್ನ್ ಬಾರಿಸುತ್ತಿರುವಾಗ ಬಾನೆಟ್ ಎತ್ತಿ ಅದರ ಮರೆಯಲ್ಲಿ ಮುಖ ಅಡಗಿಸಿಕೊಳ್ಳುವುದಷ್ಟೇ ನನಗೆ ಗೊತ್ತಿದ್ದ ರಿಪೇರಿ.

ಬಾನೆಟ್ ಎತ್ತಿದ ಮೇಲೆ ವೈದ್ಯರಿಗೇನೂ ಬರವಿಲ್ಲ. ಲಾರಿ ಚಾಲಕರೊಬ್ಬರು ಇಳಿದು ಬಂದು, ಬಿಸಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿದೆ ಎಂದು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರು. ಇಪ್ಪತ್ತು ನಿಮಿಷಕ್ಕೆ ಪದ್ಮಿನಿ ಹೊರಟಳು. ಮುಂದಿನ ಸಲ ಭಾವ ಜೊತೆಗಿದ್ದ. ನಾಲ್ಕೂ ಪ್ಲಗ್ಗು ಬಿಚ್ಚಿ, ಉಜ್ಜಿ ಹಾಕಿದ. ಹೊರಟಳು. ಇನ್ನೊಮ್ಮೆ ಬ್ಯಾಟರಿಯ ಟರ್ಮಿನಲ್ಲಿಗೆ ನಾನೇ ಕಲ್ಲಿನಿಂದ ಎರಡು ತಟ್ಟಿದೆ. ಅದಕ್ಕೂ ಹೊರಟಳು. ಕೊನೆಗೆ ಹೆಂಡತಿ ಕೊಕ್ಕಡದ ಬಳಿಯ ಸೌತಡ್ಕದ ಗಣಪತಿಗೆ ಗಂಟೆಯ ಹರಕೆ ಹೊತ್ತಳು. ಯಾರು ಏನು ಮಾಡಿದರೂ, ಮಾಡಿ ಮುಗಿಸುವಷ್ಟರಲ್ಲಿ ಎಂಜಿನ್ ತಣಿದಿರುತ್ತಿತ್ತು. ಕೀರ್ತಿ ಮಾತ್ರ ಬಟ್ಟೆಗೆ, ಭಾವನಿಗೆ, ಕಲ್ಲಿಗೆ ಪಾಲಾಗುತ್ತಿತ್ತು.

ಗ್ಯಾರೇಜಿನಲ್ಲಿ ತೋರಿಸೋಣವೆಂದರೆ ಅಲ್ಲಿ ಎಷ್ಟು ಹೊತ್ತು ಓಡಿಸಿದರೂ ನಿಲ್ಲುವವಳಲ್ಲ. ಮೇಸ್ತ್ರಿ ಕೈ ಒರೆಸಿಕೊಂಡು, “ಭಟ್ಟರೇ, ಕಾರಿಗೇನೂ ಆಗಿಲ್ಲ” ಎಂದರು. ಹಾಗಾದರೆ ಯಾರಿಗೆ ಆಗಿದೆ ಎಂಬುದನ್ನು ಹೇಳಲಿಲ್ಲ, ಮರ್ಯಾದಸ್ಥರು.

ಆದದ್ದು ನನ್ನಿಂದಲೇ. ಮೊದಲು ಇವಳ ಡಿಸ್ಟ್ರಿಬ್ಯೂಟರಿನೊಳಗೆ, ಅಂದರೆ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗದೊಳಗೆ, ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ಇತ್ತು. ಅರ್ಧ ಮಿಲಿಮೀಟರಿಗೂ ಕಡಿಮೆ ಸಂದಿ. ದಾರಿಯಲ್ಲಿ ಕೆಟ್ಟರೆ ಬೆಂಕಿಪೆಟ್ಟಿಗೆಯ ರಟ್ಟು ತುರುಕಿ ಅಂದಾಜಿಗೆ ಸರಿಮಾಡಿ ಊರು ಮುಟ್ಟಬಹುದಿತ್ತು. ಸಾಯುವ ಮೊದಲು ಪಾಯಿಂಟ್ ತಿಂಗಳುಗಟ್ಟಲೆ ನರಳುತ್ತದೆ. ಆ ನರಳಾಟ ಕೇಳಲಾರದೆ ಅದನ್ನು ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದೆ. ಅಂಗೈಯಲ್ಲಿ ಅಡಗುವ ಕಪ್ಪು ಡಬ್ಬಿ. ಅದರೊಳಗಿನ ಟ್ರಾನ್ಸಿಸ್ಟರ್, ಕಿಡಿ ಹುಟ್ಟಿಸುವ ಕಾಯಿಲ್‌ಗೆ ಹೋಗುವ ಕರೆಂಟನ್ನು ಕಡಿದಾಗಲೆಲ್ಲ ಒಂದು ಕಿಡಿ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿ. ಅಷ್ಟು ದುಡಿಯುವ ಜೀವಕ್ಕೆ ಗಾಳಿ ಬೇಡವೇ?

ಕೊನೆಗೊಂದು ಭಾನುವಾರ ಘಾಟಿಯನ್ನು ಅಂಗಳಕ್ಕೇ ತಂದೆ: ಮಗಳ ಹೇರ್ ಡ್ರೈಯರ್. ಒಂದು ಪ್ಲಗ್ಗು ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿಟ್ಟೆ. ಹೆಂಡತಿ ಒಳಗೆ ಕುಳಿತು ಕೀಲಿ ತಿರುಗಿಸಿದಳು. ನೀಲಿ ಕಿಡಿ ಚಟಚಟನೆ ಹಾರಿತು. ಡಬ್ಬಿಗೆ ಬಿಸಿಗಾಳಿ ಹಿಡಿದೆ.

“ಕಿಡಿ ಇದೆಯಾ?” ಒಳಗಿನಿಂದಲೇ ಕೇಳಿದಳು.

“ಇದೆ.”

ಇನ್ನಷ್ಟು ಹಿಡಿದೆ.

“ಈಗ?”

“ಹೋಯಿತು! ಹೋಯಿತು!”

ಕಾರು ಕೆಟ್ಟದ್ದಕ್ಕೆ ಅಷ್ಟು ಸಂಭ್ರಮಪಟ್ಟ ಮನೆ ಆ ಬೀದಿಯಲ್ಲಿ ಇನ್ನೊಂದಿರಲಾರದು. ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯನ್ನು ಡಬ್ಬಿಯ ಮೇಲೆ ಒತ್ತಿದೆ. ಸ್ವಲ್ಪ ಹೊತ್ತಿಗೆ ಕಿಡಿ ಮರಳಿತು. ಲಾರಿ ಚಾಲಕರ ಮದ್ದು ಸರಿಯಾಗಿಯೇ ಇತ್ತು, ಹಚ್ಚಿದ ಜಾಗ ಎರಡು ಗೇಣು ತಪ್ಪಿತ್ತು.

ಬಿಚ್ಚಿ ನೋಡಿದರೆ ಡಬ್ಬಿ ಕೂತದ್ದು ಸೈಲೆನ್ಸರ್ ಪೈಪಿನ ಮಗ್ಗುಲಲ್ಲಿ, ದಪ್ಪ ಬಣ್ಣದ ಮೇಲೆ. ಶಾಖವನ್ನು ಲೋಹಕ್ಕೆ ದಾಟಿಸಲು ಅಡಿಯಲ್ಲಿ ಸವರಬೇಕಾದ ಬಿಳಿ ಪೇಸ್ಟಿನ ಸುಳಿವೂ ಇಲ್ಲ. ಸಾಲದ್ದಕ್ಕೆ ಕಿಡಿ ಜೋರಾಗಿರಲಿ ಎಂದು ಕರೆಂಟಿಗೆ ಮೂರು ಓಮಿನ ತಡೆ ಒಡ್ಡುವ ಕಾಯಿಲ್ ಇರಬೇಕಾದಲ್ಲಿ ಒಂದೂವರೆ ಓಮಿನದನ್ನು ನಾನೇ ಹಾಕಿಸಿದ್ದೆ. 12 ವೋಲ್ಟಿನ ಬ್ಯಾಟರಿಯಿಂದ ನಾಲ್ಕು ಆಂಪಿಯರ್ ಹೊರಬೇಕಾದ ಡಬ್ಬಿ ಎಂಟರವರೆಗೂ ಹೊರುತ್ತಿತ್ತು. ಹೈಸ್ಕೂಲಿನ ಭಾಗಾಕಾರ, ಆಗ ಯಾರೂ ಮಾಡಲಿಲ್ಲ. ಬೆಂದ ಡಬ್ಬಿಯನ್ನು ಎಸೆದು ಹೊಸದನ್ನು ಮುಂದಿನ ಜಾಲರಿಯ ಬಳಿ ಗಾಳಿಗೆ, ಅಲ್ಯೂಮಿನಿಯಂ ತಗಡಿನ ಮೇಲೆ, ಪೇಸ್ಟು ಸವರಿ ಕೂರಿಸಿದೆವು. ಕಾಯಿಲ್ ಬದಲಾಯಿತು.

ಆಮೇಲೆ ಎರಡು ಸಲ ಸಕಲೇಶಪುರಕ್ಕೆ ಹೋಗಿ ಬಂದೆವು, ಎಲ್ಲಿಯೂ ನಿಲ್ಲಲಿಲ್ಲ. ಮರುವಾರವೇ ಹೆಂಡತಿ ಕೊಕ್ಕಡದ ದಾರಿ ಹಿಡಿಸಿದಳು. ಬಯಲಿನಲ್ಲಿ ಕುಳಿತ ಆ ಗಣಪತಿಯ ಸುತ್ತ ಗಂಟೆಗಳ ರಾಶಿಯೇ ತೂಗುತ್ತಿದೆ. ನಮ್ಮದನ್ನೂ ಕಟ್ಟಿದೆವು. ಪೇಸ್ಟಿನ ಸುದ್ದಿ, ಓಮಿನ ಲೆಕ್ಕ ನಾನು ತೆಗೆಯಲಿಲ್ಲ. ಹೊರಡುವಾಗ ಅವಲಕ್ಕಿ ಪ್ರಸಾದವನ್ನು ಡಿಕ್ಕಿಯಲ್ಲಿಡಲು ಹೋದವಳು, ಅಲ್ಲಿ ಮಡಚಿಟ್ಟಿದ್ದ ಬಟ್ಟೆಯನ್ನೂ ನೀರಿನ ಬಾಟಲಿಯನ್ನೂ ಹಳೆಯ ಪಾಯಿಂಟಿನ ಪೊಟ್ಟಣವನ್ನೂ ಕಂಡಳು. ಅವಳೂ ಏನೂ ಹೇಳಲಿಲ್ಲ.