ಎರಡು ಪ್ಯಾನೆಲ್‌ಗಳ ನಡುವೆ ನಡೆಯುವ ಕಥೆ

ಕಾಮಿಕ್ಸ್ ಅಂದರೆ ಓದಲು ಬೇಸರಪಡುವವರಿಗೆ ಮಾಡಿದ್ದು ಅನ್ನುವ ಮಾತು ಇನ್ನೂ ನಿಂತಿಲ್ಲ. ಚಿತ್ರ ನೋಡಿದರೆ ಮುಗಿಯಿತು, ತಲೆಗೆ ಕೆಲಸವೇ ಇಲ್ಲ ಅಂತ. ನಾನು ಇದನ್ನು ಸುತಾರಾಂ ಒಪ್ಪುವುದಿಲ್ಲ. ಒಳ್ಳೆಯ ಕಾಮಿಕ್ಸ್ ಓದುಗರ ಕೈಲಿ ಮಾಡಿಸುವಷ್ಟು ಕೆಲಸವನ್ನು ಎಷ್ಟೋ ಕಾದಂಬರಿಗಳು ಮಾಡಿಸುವುದಿಲ್ಲ.

ಹೀಗೆ ಊಹಿಸಿಕೊಳ್ಳಿ. ಮೊದಲ ಪ್ಯಾನೆಲ್‌ನಲ್ಲಿ, ಅಂದರೆ ಮೊದಲ ಚಿತ್ರದ ಚೌಕದಲ್ಲಿ, ಒಬ್ಬ ಹುಡುಗಿ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದಾಳೆ. ಎರಡನೆಯದರಲ್ಲಿ ನೆಲದ ಮೇಲೆ ಒಡೆದ ಲೋಟ. ಅಷ್ಟೇ. ಬಾಗಿಲು ತೆರೆದದ್ದು, ಅವಳು ಏನನ್ನೋ ಕಂಡದ್ದು, ಬೆಚ್ಚಿದ್ದು, ಲೋಟ ಬಿದ್ದದ್ದು, ಇದ್ಯಾವುದನ್ನೂ ಯಾರೂ ಬರೆದಿಲ್ಲ. ಎಲ್ಲವೂ ನಡೆದದ್ದು ನಿಮ್ಮ ತಲೆಯಲ್ಲಿ. ಆ ಎರಡು ಪ್ಯಾನೆಲ್‌ಗಳ ನಡುವಿನ ಖಾಲಿ ಪಟ್ಟಿಗೆ ಗಟರ್ ಅನ್ನುತ್ತಾರೆ. ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕಾಮಿಕ್ಸ್ ಬಗ್ಗೆ ಕಾಮಿಕ್ಸ್ ರೂಪದಲ್ಲೇ ಒಂದು ಪುಸ್ತಕ ಬರೆದು, ಈ ಖಾಲಿ ಜಾಗವೇ ಕಾಮಿಕ್ಸ್‌ನ ಜೀವಾಳ ಅಂತ ಬಿಡಿಸಿ ಹೇಳಿದರು. ಅದು ನೂರಕ್ಕೆ ನೂರು ನಿಜ.

ಉಳಿದದ್ದೆಲ್ಲ ಇದರ ಸುತ್ತ ಬೆಳೆದದ್ದು. ಪ್ಯಾನೆಲ್ ಬರೀ ಚೌಕ ಅಲ್ಲ, ಅದು ಹೊತ್ತು. ಮಾತಿಲ್ಲದ ಅಗಲವಾದ ಪ್ಯಾನೆಲ್‌ನಲ್ಲಿ ಕಣ್ಣು ನಿಲ್ಲುತ್ತದೆ. ಸಣ್ಣ ಸಣ್ಣ ಪ್ಯಾನೆಲ್‌ಗಳು ಸಾಲಾಗಿ ಬಂದರೆ ಎದೆ ಬಡಿತ ಏರುತ್ತದೆ. ಮಾತಿನ ಬಲೂನಿನ ಅಂಚು ಚೂಪು ಚೂಪಾಗಿದ್ದರೆ ಕಿರುಚಾಟ, ತುಂಡು ಗೆರೆಯಿದ್ದರೆ ಪಿಸುಮಾತು, ಮೋಡದ ಹಾಗಿದ್ದರೆ ಮನಸ್ಸಿನ ಮಾತು. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಿಲ್ಲ, ಅಲ್ವಾ? ಅಕ್ಷರ ಬರೆಯುವುದಕ್ಕೆಂದೇ ಲೆಟರರ್ ಅಂತ ಒಬ್ಬರಿರುತ್ತಾರೆ. ಮೊದಲು ಯಾವ ಬಲೂನ್ ಓದಬೇಕು, ಆಮೇಲೆ ಕಣ್ಣು ಎತ್ತ ಹೋಗಬೇಕು ಅನ್ನುವುದು ಬಹುಪಾಲು ಅವರ ಕೈಯಲ್ಲಿರುತ್ತದೆ. ಅವರ ಹೆಸರನ್ನು ಯಾರೂ ನೆನಪಿಡುವುದಿಲ್ಲ ಅನ್ನುವುದು ನನ್ನ ಹಳೆಯ ಬೇಜಾರು.

ಇದೆಲ್ಲ ಒಂದೇ ದಿನ ಹುಟ್ಟಿದ್ದಲ್ಲ. ಜಿನೀವಾದಲ್ಲಿ ರೊಡಾಲ್ಫ್ ಟಾಪ್ಫರ್ ಅನ್ನುವ ಮೇಷ್ಟ್ರು 1820ರ ದಶಕದ ಕೊನೆಯಿಂದ ಸಾಲು ಚಿತ್ರಗಳಲ್ಲಿ ತಮಾಷೆಯ ಕಥೆ ಬರೆಯುತ್ತಿದ್ದರು. ಅವನ್ನು ನೋಡಿ ಜರ್ಮನ್ ಕವಿ ಗಯಟೆ ಖುಷಿಪಟ್ಟ ಮೇಲೆ ಟಾಪ್ಫರ್ ಅವರಿಗೆ ಅಚ್ಚು ಹಾಕಿಸುವ ಧೈರ್ಯ ಬಂತು. ಅವರ ಚಿತ್ರಗಳಲ್ಲಿ ಬಲೂನ್ ಇಲ್ಲ, ಮಾತೆಲ್ಲ ಚಿತ್ರದ ಕೆಳಗೆ. 1890ರ ದಶಕದ ನ್ಯೂಯಾರ್ಕ್ ಪತ್ರಿಕೆಗಳಲ್ಲಿ ಮನೆಮಾತಾದ ಹಳದಿ ಅಂಗಿಯ ಹುಡುಗ ಅನ್ನುವ ಪಾತ್ರದ ಮಾತು ಅವನ ಅಂಗಿಯ ಮೇಲೇ ಇರುತ್ತಿತ್ತು! ಬಲೂನ್ ಖಾಯಂ ಆದದ್ದು ಆ ಕಾಲದ ನಂತರ. ಪತ್ರಿಕೆಗಳಲ್ಲಿ ಬಂದ ಕಾಮಿಕ್ಸ್ ಪಟ್ಟಿಗಳನ್ನು ಒಟ್ಟು ಮಾಡಿ 10 ಸೆಂಟಿಗೆ ಪುಸ್ತಕವಾಗಿ ಮಾರಲು ಶುರುಮಾಡಿದ್ದು 1934ರಲ್ಲಿ. 1938ರಲ್ಲಿ ಸೂಪರ್‌ಮ್ಯಾನ್ ಬಂದ. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 130 ಡಾಲರಿಗೆ ಹಕ್ಕನ್ನೆಲ್ಲ ಪ್ರಕಾಶನ ಕಂಪನಿಗೆ ಬರೆದುಕೊಟ್ಟಿದ್ದರು. ಕಂಪನಿ ಅವರಿಗೆ ವರ್ಷಾಶನ ಕೊಟ್ಟು, ಹೆಸರನ್ನೂ ಹಾಕಲು ಒಪ್ಪಿದ್ದು 1975ರಲ್ಲಿ. ಅಷ್ಟರಲ್ಲಿ ಶುಸ್ಟರ್ ಅವರ ಕಣ್ಣು ಮಂಜಾಗಿತ್ತು. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು 1954. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆ ಅಂತ ಫ್ರೆಡ್ರಿಕ್ ವರ್ಥಮ್ ಅನ್ನುವ ಮನೋವೈದ್ಯರು ಆ ವರ್ಷ ಪುಸ್ತಕ ಬರೆದರು. ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ಕಟ್ಟುಪಾಡು ತಂದುಕೊಂಡರು, ಅದೇ ಕಾಮಿಕ್ಸ್ ಕೋಡ್. ಪ್ರತಿ ಕಥೆಯಲ್ಲೂ ಒಳ್ಳೆಯದೇ ಗೆಲ್ಲಬೇಕು, ಪೊಲೀಸರನ್ನು ಹಗುರವಾಗಿ ತೋರಿಸಬಾರದು, ಹೀಗೆ. ಮಕ್ಕಳು ಹೇಳಿದ್ದನ್ನು ವರ್ಥಮ್ ತಮಗೆ ಬೇಕಾದಂತೆ ತಿದ್ದಿದ್ದರು ಅನ್ನುವುದು, ಅವರ ಕಾಗದಪತ್ರಗಳನ್ನು ಕ್ಯಾರಲ್ ಟಿಲ್ಲಿ ಅನ್ನುವ ಸಂಶೋಧಕಿ ಜಾಲಾಡಿದ ಮೇಲೆ, 2012ರಲ್ಲಿ ಬಯಲಾಯಿತು.

ಆ ಕೋಡ್ ಹೇಗೆ ನಡೆಯುತ್ತಿತ್ತು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಇಸಿ ಕಾಮಿಕ್ಸ್ ಅನ್ನುವ ಅಮೆರಿಕದ ಪ್ರಕಾಶನ ಕಂಪನಿಯ ಒಂದು ಕಥೆಯಲ್ಲಿ ಭೂಮಿಯಿಂದ ಹೋದ ಗಗನಯಾತ್ರಿ ರೋಬೋಗಳ ಲೋಕ ನೋಡುತ್ತಾನೆ. ಅಲ್ಲಿ ಕಿತ್ತಳೆ ಬಣ್ಣದವು ಮೇಲು, ನೀಲಿ ಬಣ್ಣದವು ಕೀಳು. ಒಳಗಿನ ಯಂತ್ರ ಒಂದೇ. ನೀವಿನ್ನೂ ನಮ್ಮ ಕೂಟಕ್ಕೆ ಸೇರುವಷ್ಟು ಬೆಳೆದಿಲ್ಲ ಅಂತ ಹೇಳಿ ಅವನು ಹಡಗು ಹತ್ತುತ್ತಾನೆ. ಕೊನೆಯ ಪ್ಯಾನೆಲ್‌ನಲ್ಲಿ ಹೆಲ್ಮೆಟ್ ತೆಗೆದಿದ್ದಾನೆ. ಕಪ್ಪು ಮನುಷ್ಯ, ಮುಖದ ಮೇಲೆ ಬೆವರ ಹನಿಗಳು. ಅಲ್ಲಿಯವರೆಗೆ ಆ ಹೆಲ್ಮೆಟ್ ಒಳಗೆ ನಾವು ಯಾರ ಮುಖ ಇಟ್ಟುಕೊಂಡಿದ್ದೆವು ಅಂತ ಅಲ್ಲಿ ಗೊತ್ತಾಗುತ್ತದೆ. 1956ರಲ್ಲಿ ಅದನ್ನು ಮರುಮುದ್ರಿಸಲು ಹೊರಟಾಗ ಕೋಡ್ ಅಧಿಕಾರಿ ಅವನು ಕಪ್ಪಗಿರಬಾರದು ಅಂದರು. ಪ್ರಕಾಶಕ ವಿಲಿಯಂ ಗೇನ್ಸ್ ಜಗಳಕ್ಕೇ ನಿಂತು, ಇದ್ದ ಹಾಗೇ ಅಚ್ಚು ಹಾಕಿಸಿದರು. ಅದೇ ಅವರ ಕೊನೆಯ ಕಾಮಿಕ್ ಪುಸ್ತಕವಾಯಿತು.

ಅದೇ ಕಂಪನಿಗೆ 1955ರಲ್ಲಿ ಬರ್ನಾರ್ಡ್ ಕ್ರಿಗ್‌ಸ್ಟೈನ್ ಒಂದು ಕಥೆ ಚಿತ್ರಿಸಿದರು. ನಾಜಿ ಶಿಬಿರ ನಡೆಸಿದ್ದವನೊಬ್ಬ ವರ್ಷಗಳ ನಂತರ ನೆಲದಡಿಯ ರೈಲಿನಲ್ಲಿ ಪರಿಚಿತ ಮುಖ ಕಂಡು ಓಡುತ್ತಾನೆ, ಎಡವುತ್ತಾನೆ, ಹಳಿಗೆ ಬೀಳುತ್ತಾನೆ. ಕೊಟ್ಟಿದ್ದು ಆರು ಪುಟ. ಸಾಲದು ಅಂತ ಪಟ್ಟು ಹಿಡಿದು ಎಂಟು ಪಡೆದರು. ಬೀಳುವ ಆ ಕ್ಷಣವನ್ನು ತೆಳ್ಳಗಿನ ಪ್ಯಾನೆಲ್‌ಗಳಾಗಿ ಸೀಳಿದ್ದಾರೆ. ಹಾದುಹೋಗುವ ರೈಲಿನ ಕಿಟಕಿಗಳಲ್ಲಿ ಒಂದೇ ಮುಖ ಮತ್ತೆ ಮತ್ತೆ ಬಂದಿದೆ. ವೇಗ ತೋರಿಸಲು ಎಲ್ಲರೂ ಎಳೆಯುವ ಗೆರೆಗಳಿಗಿಂತ ಇದು ಎಷ್ಟೋ ಮೇಲು. ಇಂಥ ಕೈ ಪಳಗುತ್ತಿದ್ದ ಹೊತ್ತಿಗೇ ಬಾಗಿಲು ಮುಚ್ಚಿದರಲ್ಲ!

ಜಪಾನಿನಲ್ಲಿ ಆ ಬಾಗಿಲು ಮುಚ್ಚಲಿಲ್ಲ. 1947ರಿಂದಲೇ ಒಸಾಮು ತೆಜುಕಾ ಸಿನಿಮಾದ ಹಾಗೆ ಹೊತ್ತನ್ನು ಹಿಗ್ಗಿಸಿ, ಕುಗ್ಗಿಸಿ ಪುಟ ಕಟ್ಟುತ್ತಿದ್ದರು. ಅಮೆರಿಕದಲ್ಲಿ ಒಂದು ಕಾಮಿಕ್ಸ್ ಪುಸ್ತಕಕ್ಕೆ ಪುಲಿಟ್ಜರ್ ಪ್ರಶಸ್ತಿ ಸಿಗಲು 1992 ಬರಬೇಕಾಯಿತು. ಆರ್ಟ್ ಸ್ಪೀಗಲ್‌ಮನ್ ಯಹೂದಿಗಳನ್ನು ಇಲಿಗಳಾಗಿ, ನಾಜಿಗಳನ್ನು ಬೆಕ್ಕುಗಳಾಗಿ ಬರೆದ ತಮ್ಮ ಅಪ್ಪನ ಕಥೆಗೆ ಅದು ಸಿಕ್ಕಿತು.

ಈಗ ಫೋನಿನಲ್ಲಿ ಮೇಲಿಂದ ಕೆಳಗೆ ಎಳೆಯುತ್ತಾ ಓದುವ ಕೊರಿಯಾದ ವೆಬ್‌ಟೂನ್‌ಗಳು ಬಂದಿವೆ. ಅಲ್ಲಿ ಖಾಲಿ ಜಾಗವನ್ನು ಎಷ್ಟು ಬೇಕಾದರೂ ಉದ್ದ ಮಾಡಬಹುದು. ಭಯದ ಕಥೆಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಪುಟಕ್ಕೆಂದು ಬರೆದದ್ದನ್ನು ಒಂದೊಂದೇ ಪ್ಯಾನೆಲ್ ಕತ್ತರಿಸಿ ಪರದೆಗೆ ತುಂಬುವುದು ಸರಿಯಲ್ಲ. ಪುಟ ತಿರುಗಿಸಿದ ಕೂಡಲೇ ಕಣ್ಣು ಇಡೀ ಪುಟವನ್ನು ಒಮ್ಮೆ ನುಂಗಿ, ಆಮೇಲೆ ಮೊದಲ ಪ್ಯಾನೆಲ್‌ಗೆ ಬರುತ್ತದೆ. ಚಿತ್ರಕಾರರು ಲೆಕ್ಕ ಹಾಕಿ ಬರೆದಿರುವುದು ಆ ನೋಟಕ್ಕೇ. ಆದ್ದರಿಂದ ಹಳೆಯ ಕಾಮಿಕ್ಸ್ ಓದುವುದಾದರೆ ದಯವಿಟ್ಟು ಪುಸ್ತಕದಲ್ಲೇ ಓದಿ. ಅದಿಲ್ಲದಿದ್ದರೆ ಇಡೀ ಪುಟ ಕಾಣುವಷ್ಟು ದೊಡ್ಡ ಪರದೆಯಲ್ಲಿ ನೋಡಿ.