ಮೇವು ಕೊಳ್ಳುವಾಗ ತೂಕ ಕೇಳ್ತೀರಿ, ದಿನ ಯಾಕೆ ಕೇಳಲ್ಲ?

ಬೆಳಿಗ್ಗೆ ಹೆಸರಘಟ್ಟ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ನೇಪಿಯರ್ ಹುಲ್ಲು ನೋಡಿದಾಗಿನಿಂದ ತಲೆ ಕೆಟ್ಟಿದೆ. ಎರಡಾಳು ಎತ್ತರದ ಕಡ್ಡಿ. ಬುಡ ಹೆಬ್ಬೆರಳಿಗಿಂತ ದಪ್ಪ, ಕೆಳಗಿನ ಎಲೆಯೆಲ್ಲ ಒಣಗಿ ಜೋತುಬಿದ್ದಿದೆ. ಸುತ್ತ ನಿಂತವರು "ಏನು ಬೆಳೆ ತೆಗೆದಿದೀಯಣ್ಣ" ಅಂತ ಹೊಗಳುತ್ತಿದ್ದರು. ಲೋಡಿಗೆ ಎಷ್ಟು ಅಂತ ಚೌಕಾಸಿ ನಡೆಯಿತು. ಹಿಂದಿನ ಕೊಯ್ಲಾಗಿ ಎಷ್ಟು ದಿನ ಆಯ್ತು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಒಬ್ಬರೂ!

ದೊಡ್ಡಬಳ್ಳಾಪುರದ ಕಡೆ ಅಮ್ಮ ಇನ್ನೂ ಸೀಮೆ ಹಸು ಸಾಕುತ್ತಿದ್ದಾಳೆ, ಹಾಗಾಗಿ ಇದು ನನಗೆ ಸುಮ್ನೆ ಆಡುವ ಮಾತಲ್ಲ.

ಹುಲ್ಲು ಬಲಿತಷ್ಟೂ ತೂಕ ಬರುತ್ತದೆ, ಅದು ನಿಜ. ಆದರೆ ಆ ತೂಕ ಕೂಡುವುದು ಕಡ್ಡಿಯಲ್ಲಿ, ಪ್ರೋಟೀನ್ ಜಾಸ್ತಿ ಇರುವುದು ಎಲೆಯಲ್ಲಿ. ಅಷ್ಟೆತ್ತರ ನೆಟ್ಟಗೆ ನಿಲ್ಲಬೇಕಲ್ಲ, ಅದಕ್ಕೆ ಗಿಡ ಕಡ್ಡಿಯೊಳಗೆ ಲಿಗ್ನಿನ್ ಅನ್ನುವ ಗಟ್ಟಿ ಅಂಶ ತುಂಬಿಕೊಳ್ಳುತ್ತದೆ. ಹಸುವಿನ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಕರಗಿಸಲಾರವು, ಅದು ಸುತ್ತಿಕೊಂಡಿರುವ ನಾರೂ ಅವುಗಳ ಕೈಗೆ ಸಿಗುವುದಿಲ್ಲ. 45 ದಿನಕ್ಕೆ ಕೊಯ್ದ ನೇಪಿಯರ್‌ನಲ್ಲಿ, ನೀರು ಬಿಟ್ಟು ಲೆಕ್ಕ ಹಾಕಿದರೆ, ಸುಮಾರು ಶೇ. 8ರಿಂದ 10 ಪ್ರೋಟೀನ್ ಇರುತ್ತದೆ. ಬಿಟ್ಟಷ್ಟೂ ಇಳಿಯುತ್ತದೆ. ಶೇ. 7ಕ್ಕಿಂತ ಕೆಳಗೆ ಹೋದರೆ ಆ ಜೀವಿಗಳಿಗೇ ಸಾಲುವುದಿಲ್ಲ, ಹುಲ್ಲು ಕರಗುವುದು ನಿಧಾನವಾಗುತ್ತದೆ, ಹಸು ತಿನ್ನುವುದೇ ಕಮ್ಮಿ ಮಾಡುತ್ತದೆ. ಆಮೇಲೆ ಹಾಲು ಇಳಿಯಿತು ಅಂತ ಹಿಂಡಿ, ಬೂಸಾ ಮೂಟೆ ಹೊತ್ತು ತರುತ್ತೇವೆ. ಹೊಲದಲ್ಲೇ ಇದ್ದ ಪ್ರೋಟೀನ್ ಕಳೆದುಕೊಂಡು ಅದನ್ನೇ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದು! ಇದಕ್ಕೇ ನನ್ನ ಹೊಟ್ಟೆ ಉರಿಯುವುದು.

ನಿಜ ಹೇಳಬೇಕೆಂದರೆ ಕೋಪಕ್ಕಿಂತ ಸಂಕಟವೇ ಜಾಸ್ತಿ. ಬೇಸಿಗೆಯಲ್ಲಿ ನಮ್ಮ ಹುಲ್ಲು ಸಾಲದೆ ಕೊಂಡು ತಂದಾಗ ಹಸುಗಳು ಎಲೆ ಆರಿಸಿ ತಿಂದು ಕಡ್ಡಿ ಬಿಡುತ್ತವೆ. ಮಂಡಿ ನೋವಿಟ್ಟುಕೊಂಡು ಅದನ್ನೆಲ್ಲ ಬಾಚಿ ತಿಪ್ಪೆಗೆ ಹಾಕುವವಳು ಅಮ್ಮ. ತೂಕಕ್ಕೆ ಕೊಟ್ಟ ದುಡ್ಡು ಅಲ್ಲಿ ಗೊಬ್ಬರ ಆಗುತ್ತಿರುತ್ತದೆ.

ಹಾಗಂತ ಎಳೆಯದಾದಷ್ಟೂ ಒಳ್ಳೆಯದು ಅಂತಲ್ಲ. ತೀರಾ ಎಳೆ ನೇಪಿಯರ್‌ನಲ್ಲಿ ನೀರೇ ತುಂಬಿರುತ್ತದೆ, ಆಕ್ಸಲೇಟ್ ಅನ್ನುವ ಅಂಶ ಜಾಸ್ತಿ ಇದ್ದು ಮೇವಿನ ಕ್ಯಾಲ್ಸಿಯಂ ಹಸುವಿಗೆ ಸಿಗದಂತೆ ಹಿಡಿದಿಡುತ್ತದೆ. ಪದೇ ಪದೇ ಕೊಯ್ದರೆ ಬುಡವೂ ಸೊರಗುತ್ತದೆ. ಜೋಳದ ವಿಷಯದಲ್ಲಂತೂ ಇನ್ನೂ ಹುಷಾರಾಗಿರಬೇಕು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ಮೇಯಿಸಿದರೆ ಸಯನೈಡ್ ವಿಷವೇರಿ ಹಸು ಸಾಯಬಹುದು. ಹೊಲದಲ್ಲಿ ಅರ್ಧದಷ್ಟಾದರೂ ಹೂ ಬರುವವರೆಗೆ ಕಾಯಬೇಕು. ಕುದುರೆ ಮೆಂತೆಗೆ (ಲೂಸರ್ನ್) ಹತ್ತರಲ್ಲೊಂದು ಗಿಡ ಹೂ ಬಿಟ್ಟರೆ ಸಾಕು. ಸೈಲೇಜ್ (ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಮೇವು) ಮಾಡುವ ಮುಸುಕಿನ ಜೋಳ ಮಾತ್ರ ಬೇರೆ, ಕಾಳಿನಲ್ಲಿ ಹಾಲು ಅರ್ಧ ಗಟ್ಟಿಯಾಗಬೇಕು, ಗಿಡದಲ್ಲಿ ಶೇ. 65ರಿಂದ 70ರಷ್ಟು ನೀರು ಉಳಿದಿರಬೇಕು. ಅದಕ್ಕಿಂತ ಹಸಿ ಇದ್ದರೆ ರಸ ಸೋರಿ ಹುಳಿ ಕೆಡುತ್ತದೆ, ಒಣಗಿದ್ದರೆ ಗಾಳಿ ಉಳಿದು ಬೂಷ್ಟು ಹಿಡಿಯುತ್ತದೆ. ಒಂದೊಂದು ಬೆಳೆಗೂ ಅದರದೇ ಹೊತ್ತು ಇದೆ ಅನ್ನುವುದು ಹೊಸದಾಗಿ ಕಂಡುಹಿಡಿದ ಸಂಗತಿಯೇನಲ್ಲ. ಹಸು ಏನು ತಿಂದರೆ ಏನಾಗುತ್ತದೆ ಅಂತ ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆಯೇ ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿದೆ!

"ಆಳು ಸಿಗಲ್ಲಮ್ಮ, ಸಿಕ್ಕಿದ ದಿನ ಕೊಯ್ಯಬೇಕು" ಅಂತಾರೆ ರೈತರು. ಕಷ್ಟ ಗೊತ್ತು. ಆದರೆ ಇಡೀ ಹೊಲ ಒಂದೇ ದಿನ ಕೊಯ್ಯಿರಿ ಅಂತ ಯಾರು ಹೇಳಿದರು? ದಿನಕ್ಕೆ ಇಷ್ಟು ಸಾಲು ಅಂತ ಹಂಚಿಕೊಂಡು ಮನೆಯವರೇ ಕೊಯ್ಯುತ್ತಾ ಹೋದರೆ, ಕೊನೇ ಸಾಲು ಮುಗಿಯುವಷ್ಟರಲ್ಲಿ ಮೊದಲನೇದಕ್ಕೆ ಮತ್ತೆ 45 ದಿನ ತುಂಬಿರುತ್ತದೆ. ನಮ್ಮಲ್ಲಿ ಹಾಗೇ ನಡೆಯುತ್ತಿದೆ. ಇನ್ನು ಮಾರುವವರು ಬಲಿಯಲು ಬಿಡುವುದು ಆಳಿಲ್ಲ ಅಂತ ಅಲ್ಲ, ನಾವು ತೂಕಕ್ಕೆ ಮಾತ್ರ ದುಡ್ಡು ಕೊಡುತ್ತೇವೆ ಅಂತ. ಡೈರಿಯಲ್ಲಿ ನಮ್ಮ ಹಾಲಿನ ಫ್ಯಾಟ್, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ) ಎರಡೂ ನೋಡಿ ರೇಟು ಹಾಕುತ್ತಾರೆ, ಅಲ್ವಾ? ಆ ಹಾಲು ಆಗುವ ಹುಲ್ಲಿಗೆ ಯಾಕೆ ಬರೀ ತೂಕ?

ಯಲಹಂಕ, ದೊಡ್ಡಬಳ್ಳಾಪುರದ ಕಡೆ ಕೊಯ್ಲಿನ ದಿನ ಹೇಳಿ ಹಸಿ ಮೇವು ಮಾರುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ರೇಟು ಜಾಸ್ತಿಯಾದರೂ ಪರವಾಗಿಲ್ಲ, ಅವರ ಹತ್ತಿರವೇ ತರುತ್ತೇನೆ.